ಕಬ್ಬಿಣದವ್ವನ ಅರ್ಧ ಕಥೆ

ಮೊನ್ನೆ ಭಾನುವಾರ ಬೈಲಹೊಂಗಲದ ನಮ್ಮ ಮನೆಯ ಹಿತ್ತಲಿನಿಂದ ಬೆಳ್ಳಿ ಬಣ್ಣದ ವಾಸನೆ ಬಂತು. ಕಿಟಕಿಯ ಸರಳಿಗೆ, ಹಳೆಯ ಟ್ರಂಕಿಗೆ ಬಳಿಯುತ್ತೇವಲ್ಲ, ಆ ಬಣ್ಣ. ಈ ವಾಸನೆಗೆ ಕೆಲವರಿಗೆ ತಲೆ ನೋಯುತ್ತದಂತೆ. ನನಗೆ ಎಡಗಿವಿ ನೋಯುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳಬೇಕು. ನೆಟ್ಟಗೆ ಹೇಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ, ಬಿ.ಎ. ಪರೀಕ್ಷೆಯಲ್ಲಿ ನಪಾಸಾಗಲು ಅದೂ ಒಂದು ಕಾರಣ.

ಹಿತ್ತಲಿಗೆ ಹೋಗಿ ನೋಡಿದರೆ ಧಾರವಾಡದಲ್ಲಿ ಓದುವ ಮೊಮ್ಮಗಳು ಹಾಳೆ ಹಾಸಿಕೊಂಡು ಕುಳಿತು ರಟ್ಟಿನ ಡಬ್ಬಿಗಳಿಗೆ ಬಣ್ಣ ಹಚ್ಚುತ್ತಿದ್ದಳು. ಎದೆಗೆ ಒಂದು, ತೋಳಿಗೆ ಎರಡು, ತಲೆಗೆ ಕಣ್ಣು ಕೊರೆದ ಇನ್ನೊಂದು.

“ಏನವಾ ಇದು, ಗಣಪತಿ ಮಂಟಪೇನು?” ಎಂದೆ.

“ಅಲ್ಲಜ್ಜಾ, ರೋಬೋಟ್. ಅನಿಮೆದಾಗ ಬರತೈತಿ. ಹುಬ್ಬಳ್ಳ್ಯಾಗ ನಾವೆಲ್ಲಾ ವೇಷಾ ಹಾಕ್ಕೊಂಡು ಕೂಡೋವ್ರದೀವಿ. ನಿನಗ ತಿಳಿಯೂದಿಲ್ಲ ಬಿಡು.”

ಅನಿಮೆ ಎಂದರೆ ಜಪಾನಿನವರು ಬಿಡಿಸಿದ ಚಿತ್ರಗಳು ಓಡಾಡುವ ಸಿನಿಮಾ ಎಂದು ಅವಳೇ ವಿವರಿಸಿದಳು. ತಿಳಿಯುವುದಿಲ್ಲ ಎಂದ ಮೇಲೆ ತಿಳಿಸಿಯೇ ತೀರುವುದು ನಮ್ಮ ವಂಶದ ಗುಣ. ಹಿಂದೆ ಒಂದು ಕಾಲದಲ್ಲಿ ಯಾವುದೋ ಒಂದು ಸರಣಿ ಬಂತಂತೆ, ಅದನ್ನು ನೋಡಿ ಹತ್ತು ಜನ ಹತ್ತು ಸರಣಿ ಮಾಡಿದರಂತೆ, ಈಗ ಯಾವುದು ಬೇರು, ಯಾವುದು ಟೊಂಗೆ ಎಂದು ಅಭಿಮಾನಿಗಳು ರಾತ್ರಿ ಹಗಲು ಜಗಳಾಡುತ್ತಾರಂತೆ. ನಾನು ತಲೆಯಾಡಿಸುತ್ತ ಕೇಳಿದೆ. ನನ್ನದೇ ಊರಿನ ದಾರಿಯನ್ನು ಯಾರೋ ಹೊಸಬರು ನನಗೆ ತೋರಿಸುತ್ತಿರುವ ಹಾಗಿತ್ತು.

“ಅದರೊಳಗ ಕುಂತು ನಡಸಾಕಿ ತೆಲಿಯೊಳಗ ಇರತಾಳೋ, ಎದಿಯೊಳಗೋ?” ಎಂದು ಕೇಳಿದೆ.

ಅವಳ ಬ್ರಷ್ ನಿಂತಿತು. “ಅಜ್ಜಾ, ನಿನಗ ಹೆಂಗ ಗೊತ್ತು ಇದು?”

ಹೆಂಗ ಗೊತ್ತು ಅಂದರೆ, ಈ ಸೀಮೆಯ ಮೊದಲ ಅಭಿಮಾನಿ ಬಹುಶಃ ನಾನೇ. ಮೊದಲ ಗಾಯಾಳುವಂತೂ ಖಂಡಿತ ನಾನೇ.

ಎಪ್ಪತ್ತರ ದಶಕದ ಮಾತು. ಪರೀಕ್ಷೆಯಲ್ಲಿ ನಪಾಸಾಗಿ ನಮ್ಮೂರು ಸಂಪಗಾಂವಿಗೆ ಬಂದು ಕುಳಿತಿದ್ದೆ. ನಮ್ಮಪ್ಪನಿಗೆ ನನ್ನ ಮುಖ ನೋಡುವುದು ಸಾಕಾಗಿತ್ತು. ನೇಸರಗಿಗೆ ಕೊಟ್ಟಿದ್ದ ನನ್ನ ಅಕ್ಕ ನೀಲವ್ವನ ಗಂಡ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮಕ್ಕಳಿಲ್ಲ, ಊರ ಹೊರಗೆ ಒಂದು ಎರೆಹೊಲ. “ಹೋಗು, ಅಕ್ಕಗ ಒಂದ ಗಂಡಾಳಿನ ಆಸರ ಆಗು,” ಎಂದು ಅಪ್ಪ ನನ್ನನ್ನು ಬಸ್ಸು ಹತ್ತಿಸಿದ. ನಾನು ಆಸರೆಯಾದೆ. ಅಂದರೆ ಅಕ್ಕನಿಗೆ ದಿನಾ ನಾಲ್ಕು ರೊಟ್ಟಿ ಹೆಚ್ಚು ಬಡಿಯುವ ಕೆಲಸವಾಯಿತು. ಒಂದು ದಿನ ಪಕ್ಕದವರ ನೇಗಿಲು ಹಿಡಿದು ನೋಡಿದೆ. ನಾನು ಹೊಡೆದ ಸಾಲು ನೋಡಿ ಎತ್ತುಗಳೇ ತಿರುಗಿ ನಿಂತವು. ಆಮೇಲೆ ಯಾರೂ ಎತ್ತು ಕೊಡಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಹೊಲದಲ್ಲಿ ಮಾಡದ ಕೆಲಸವಿಲ್ಲ. ಕಳೆ ತೆಗೆಯುತ್ತಾರೆ, ಹತ್ತಿ ಬಿಡಿಸುತ್ತಾರೆ, ಬಿತ್ತುವಾಗ ಕೂರಿಗೆಯ ಬಟ್ಟಲಿಗೆ ಬೀಜ ಬಿಡುವವರೂ ಅವರೇ. ಆದರೆ ಉಳುವ ನೇಗಿಲು, ಮಣ್ಣು ಹರಗುವ ಕುಂಟೆ ಹಿಡಿಯುವಂತಿಲ್ಲ. ಹಿಡಿದರೆ ಮಳೆ ಹೋಗುತ್ತದೆ ಎಂಬ ನಂಬಿಕೆ. ಹೀಗಾಗಿ ಮಳೆ ಬಿದ್ದು ಹಿಂಗಾರಿ ಜೋಳಕ್ಕೆ ಹೊಲ ಹದವಾದಾಗ ಅಕ್ಕ ಮೈದುನ ಚನಬಸಪ್ಪನ ದಾರಿ ಕಾಯಬೇಕು. ಅವನು ತನ್ನ ಹೊಲವನ್ನೆಲ್ಲ ಹರಗಿ, ಬಿತ್ತಿ, ಎತ್ತಿನ ಮೈ ತೊಳೆದು, ಆಮೇಲೆ ಅಕ್ಕನ ಹೊಲಕ್ಕೆ ಬರುವ. ಅಷ್ಟೊತ್ತಿಗೆ ಎರೆಮಣ್ಣು ಬಿರಿದು ನಿಂತಿರುತ್ತಿತ್ತು. ಹಿಂದಿನ ವರ್ಷ ಬೆಳೆದ ಜೋಳ ಮೊಣಕಾಲಿಗೂ ಬರಲಿಲ್ಲ.

“ಯಾಕ ತ್ರಾಸ ಮಾಡಕೋತೀರಿ ವೈನಿ? ಈ ಸಲಾನೂ ಹಿಂಗ ಆದ್ರ ಹೊಲಾ ನನಗ ಪಾಲಿಗೆ ಬಿಟ್ಟಬಿಡ್ರಿ,” ಎಂದು ಅವನು ಕಟ್ಟೆಯ ಮೇಲೆ ಕುಳಿತು ಮೆಲ್ಲಗೆ ಹೇಳಿಹೋಗಿದ್ದ. ಒಮ್ಮೆ ಅವನ ಕೈಗೆ ಹೋದ ಹೊಲ ತಿರುಗಿ ತನ್ನ ಕೈಗೆ ಬರುವುದಿಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಆ ಹೊಲ ಹೋದರೆ ನೇಸರಗಿಯಲ್ಲಿ ಅವಳಿಗೆ ಬೇರೇನೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಊರಿಗೆ ಒಂದು ವ್ಯಾನು ಬಂತು. ಜಪಾನಿನ ಕಡೆಯ ಪವರ್ ಟಿಲ್ಲರ್ ಮಾರುವ ಕಂಪನಿಯದು. ಟಿಲ್ಲರ್ ಎಂದರೆ ಎತ್ತಿಲ್ಲದೆ ಉಳುವ ಯಂತ್ರ, ಎರಡು ಹಿಡಿ ಹಿಡಿದು ಹಿಂದೆ ನಡೆಯಬೇಕು. ವ್ಯಾನಿನ ಜೊತೆ ಮೈಸೂರು ಸೀಮೆಯ ಒಬ್ಬ ಸಾಹೇಬರು. ಸಂತೆಯ ದಿನ ಮುಸ್ಸಂಜೆಗೆ ಸಾಲೆಯ ಗೋಡೆಗೆ ಬಿಳಿ ಪರದೆ ಬಿಗಿದು ಟಿಲ್ಲರಿನ ಚಿತ್ರ ತೋರಿಸುವರು. ಬರೀ ಟಿಲ್ಲರ್ ತೋರಿಸಿದರೆ ಯಾರು ಬರುತ್ತಾರೆ? ಜನ ಕೂಡಲೆಂದು ಜಪಾನಿನಿಂದ ಬಂದ ಬಿಡಿಸಿದ ಚಿತ್ರದ ರೀಲೊಂದನ್ನು ಮೊದಲು ಹಾಕುವರು. ಸಂತೆಗೊಂದು ಭಾಗ.

ಆ ಚಿತ್ರ ನೋಡಿ ನಾನು ಕೆಟ್ಟೆ. ಒಂದು ದ್ವೀಪ, ಅಲ್ಲೊಂದು ಊರು. ಸಮುದ್ರದಿಂದ ಗುಡ್ಡದಂಥ ಏಡಿಗಳು ಎದ್ದು ಬಂದು ಊರು ತುಳಿಯುತ್ತವೆ. ಊರು ಕಾಯಲು ಒಬ್ಬ ಕಬ್ಬಿಣದ ಹೆಂಗಸು, ಬೇವಿನ ಮರದ ಮೂರು ಪಟ್ಟು ಎತ್ತರ. ಅವಳ ತಲೆಯೊಳಗೆ ಒಬ್ಬ ಹುಡುಗಿ ಕುಳಿತು ಎರಡು ಹಿಡಿ ಜಗ್ಗಿ ಅವಳನ್ನು ನಡೆಸುತ್ತಾಳೆ. ಹುಡುಗಿಯ ತಮ್ಮನನ್ನು ಸಮುದ್ರ ಒಯ್ದಿದೆ. ಮಾತೆಲ್ಲ ಜಪಾನಿ. ಸಾಹೇಬರಿಗೂ ಒಂದಕ್ಷರ ತಿಳಿಯದು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮೊದಲ ದಿನವೇ ಊರವರು ಆ ಯಂತ್ರಕ್ಕೆ ಕಬ್ಬಿಣದವ್ವ ಎಂದು ಹೆಸರಿಟ್ಟರು.

ಊರ ದೊಡ್ಡಾಟದ ಮೇಳ ಕಲಿಸುತ್ತಿದ್ದ ಬಸಪ್ಪ ಮಾಸ್ತರರು ಮುಂದಿನ ಸಾಲಿನಲ್ಲಿ ಕುಳಿತು ನೋಡಿ ಹೇಳಿದ್ದು ನನಗಿನ್ನೂ ನೆನಪಿದೆ: “ಎಲ್ಲವ್ವನ ಗುಡ್ಡದಾಗ ದೇವಿ ಹೆಣ್ಣಮಗಳ ಮೈಯಾಗ ಬರತಾಳ. ಇಲ್ಲಿ ನೋಡ್ರಿ, ಹೆಣ್ಣಮಗಳ ದೇವಿ ಮೈಯಾಗ ಹೋಗ್ಯಾಳ!”

ನಾನು ಈ ಮಾತನ್ನು ಎತ್ತಿಕೊಂಡು ಚಹದಂಗಡಿಯಲ್ಲಿ ನನ್ನದೇ ಎಂಬಂತೆ ತಿಂಗಳುಗಟ್ಟಲೆ ಹೇಳಿದೆ.

ಒಂದು ತೊಡಕಿತ್ತು. ರೀಲು ಮುಗಿದ ಕೂಡಲೇ ಜನ ಚಪ್ಪಲಿ ಮೆಟ್ಟಿ ಮನೆಗೆ ಹೋಗುವರು, ಟಿಲ್ಲರಿನ ಚಿತ್ರ ನೋಡಲು ಬೀದಿನಾಯಿಗಳಷ್ಟೇ ಉಳಿಯುವವು. ಸಾಹೇಬರು ಎರಡನೆಯ ಸಂತೆಗೇ ಒಂದು ಉಪಾಯ ಹೂಡಿದರು. ಕಬ್ಬಿಣದವ್ವ ಏಡಿಯ ಕೊಂಡಿಯಲ್ಲಿ ಸಿಕ್ಕಿಕೊಂಡಾಗ ಚಿತ್ರ ನಿಲ್ಲಿಸಿ, “ಸ್ವಾಮಿ, ದಯವಿಟ್ಟು ಕುಳಿತುಕೊಳ್ಳಿ, ಈಗ ಟಿಲ್ಲರ್, ಆಮೇಲೆ ಉಳಿದರ್ಧ,” ಎಂದು ಕೈಮುಗಿದರು. ನಾವೇನು ಕಡಿಮೆ? ಗಂಡಸರೆಲ್ಲ ಎದ್ದು ಚಹಕ್ಕೆ, ಬೀಡಿಗೆ ಹೊರಟೆವು. ಟಿಲ್ಲರ್ ಮುಗಿಯುವ ಹೊತ್ತಿಗೆ ಸರಿಯಾಗಿ ವಾಪಸು ಬರುವುದರಲ್ಲಿ ನಾನು ಎಷ್ಟು ಪಳಗಿದೆನೆಂದರೆ ಕೊನೆಯ ಗುಟುಕು ಚಹಾ ಬಾಯಲ್ಲಿರುವಾಗಲೇ ಕಬ್ಬಿಣದವ್ವ ಏಡಿಯ ಕಾಲು ಮುರಿಯುತ್ತಿದ್ದಳು. ಆ ನಡುವಿನ ಹೊತ್ತಿನಲ್ಲಿ ಚಹದಂಗಡಿಯಲ್ಲಿ ನನ್ನ ವ್ಯಾಖ್ಯಾನ. ಏಡಿ ಎಂದರೆ ಅಹಂಕಾರ, ಸಮುದ್ರ ಎಂದರೆ ಸಂಸಾರ, ಹೀಗೆ. ಪರೀಕ್ಷೆಯಲ್ಲಿ ಬರೆಯದೆ ಉಳಿದದ್ದನ್ನೆಲ್ಲ ಅಲ್ಲಿ ಬಿಚ್ಚಿದೆ.

ಹೆಂಗಸರು ಮಾತ್ರ ಚಹಕ್ಕೆ ಎದ್ದು ಹೋಗುವಂತಿರಲಿಲ್ಲ. ಅವರು ಗೋಡೆಯ ಕಡೆ ಸೆರಗು ಹೊದ್ದು ಕುಳಿತೇ ಇರುತ್ತಿದ್ದರು. ಅಕ್ಕನೂ ಕುಳಿತಿರುತ್ತಿದ್ದಳು. ಪಾಪ, ಬೇಸರವಾಗುತ್ತಿರಬೇಕು ಎಂದು ನಾನು ಮರುಗುತ್ತಿದ್ದೆ.

ಆಮೇಲೊಂದು ಸಂತೆಯ ದಿನ ಆ ಭಾಗ ಬಂತು. ಹುಡುಗಿ ತಮ್ಮನನ್ನು ಹುಡುಕಲು ಕಬ್ಬಿಣದವ್ವನನ್ನು ಸಮುದ್ರಕ್ಕೇ ಇಳಿಸಿದಳು. ನೀರು ಮೊಣಕಾಲಿಗೆ ಬಂತು, ನಡುವಿಗೆ ಬಂತು, ಕುತ್ತಿಗೆಗೆ ಬಂತು. ಕೊನೆಗೆ ತಲೆಯ ಮೇಲಿನ ದೀಪವೊಂದು ನೀರೊಳಗೆ ಮಿಣುಕುತ್ತ ಹೋಗಿ ಕಾಣದಾಯಿತು. ಪರದೆಯ ಮೇಲೆ ನಾಲ್ಕು ಜಪಾನಿ ಅಕ್ಷರ.

ಮುಂದಿನ ಸಂತೆಗೆ ವ್ಯಾನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸುತ್ತಲ ಹಳ್ಳಿಗಳಲ್ಲಿ ಒಂದು ಟಿಲ್ಲರೂ ಮಾರಾಟವಾಗಿರಲಿಲ್ಲ. ನಾನು ವ್ಯಾನು ತಿರುಗಿ ಬರಲೆಂಬ ಆಸೆಯಿಂದ ಸಂಪಗಾಂವಿಗೆ ಹೋಗಿ ಅಪ್ಪನೆದುರು ಟಿಲ್ಲರಿನ ಗುಣಗಾನ ಮಾಡಿದ್ದೆ. ಅಪ್ಪ ಎಲ್ಲ ಕೇಳಿ, “ಸೆಗಣಿ ಹಾಕತೈತೇನು?” ಎಂದು ಒಂದೇ ಪ್ರಶ್ನೆ ಕೇಳಿದ. ಅಲ್ಲಿಗೆ ಮುಗಿಯಿತು. ಕಂಪನಿಯವರು ನೋಡಲು ಇಟ್ಟಿದ್ದ ಒಂದು ಯಂತ್ರವನ್ನು ಊರ ಸಹಕಾರಿ ಸೊಸಾಯಿಟಿಗೆ ಬಾಡಿಗೆಗೆಂದು ಬಿಟ್ಟು ಹೊರಟುಹೋದರು. ಗೋದಾಮಿನ ಹಿಂದೆ ತಾಡಪತ್ರಿಯ ಕೆಳಗೆ ಅದರ ಮೇಲೆ ಕೋಳಿಗಳು ಮೊಟ್ಟೆ ಇಡತೊಡಗಿದವು.

ಊರಿನಲ್ಲಿ ಎರಡು ಪಕ್ಷಗಳಾದವು. ಆ ಜಪಾನಿ ಅಕ್ಷರಗಳಲ್ಲಿ ‘ಮುಗಿಯಿತು’ ಎಂದಿತ್ತು, ಹುಡುಗಿ ಮುಳುಗಿದಳು ಎನ್ನುವವರು ಒಂದು ಕಡೆ. ‘ಮುಂದಿನ ಭಾಗ’ ಎಂದಿತ್ತು, ಬರುತ್ತಾಳೆ ಎನ್ನುವವರು ಇನ್ನೊಂದು ಕಡೆ. ಎರಡನೆಯ ಪಕ್ಷಕ್ಕೆ ನಾನೇ ಮುಖಂಡ. ಹಜಾಮತಿ ಅಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ವಾದ ಮಾಡುತ್ತ ಎದ್ದು ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಈಗಿನ ಹುಡುಗರ ಜಗಳ ಏನೇನೂ ಅಲ್ಲ.

ಒಂದು ದಿನ ರೊಟ್ಟಿ ಬಡಿಯುತ್ತ ಅಕ್ಕ ಕೇಳಿದಳು: “ಆಕಿ ಹೊರಗ ಬಂದಿರಬೇಕಲ್ಲೋ ತಮ್ಮಾ?” ನಾನು ಸಂಸಾರ ಸಾಗರದ ಬಗ್ಗೆ ಉದ್ದಕ್ಕೆ ಹೇಳಿದೆ. ಅಕ್ಕ ತಿರುಗಿ ರೊಟ್ಟಿ ಬಡಿಯತೊಡಗಿದಳು.

ಹೆಚ್ಚು ಕಂಗೆಟ್ಟವರು ಬಸಪ್ಪ ಮಾಸ್ತರರು. ದೊಡ್ಡಾಟ ಶುರು ಮಾಡಿದ ಮೇಲೆ ಮಂಗಳಾರತಿ ಹಾಡದೆ ನಿಲ್ಲಿಸುವಂತಿಲ್ಲ. ಮಳೆ ಬಂದು ಆಟ ಕೆಟ್ಟರೆ ಮರುದಿನವಾದರೂ ಮುಗಿಸಿ ಮಂಗಳ ಹಾಡಲೇಬೇಕು. “ಮಂಗಳ ಆಗದ ಪಾತ್ರ ಮನಿ ಸೇರೂದಿಲ್ಲ. ಆ ಹುಡಗಿ ನೀರಾಗ ನಿಂತಾಳ, ನಮ್ಮ ಕಣ್ಣ ಮುಂದ ಹೋಗಿ ನಿಂತಾಳ. ಜಪಾನದವರು ತರಲಿಲ್ಲಂದ್ರ ನಾವ ಆಕೀನ್ನ ಹೊರಗ ತರಬೇಕು,” ಎಂದು ಅವರು ಹಟ ಹಿಡಿದರು. ಪದ ಕಟ್ಟಿದರು. ಕಬ್ಬಿಣದವ್ವನ ಪಾತ್ರಕ್ಕೆ ಆಳು ಬೇಕಾಯಿತು. ಯಾರನ್ನು ಕೇಳುವುದು? ಊರಿನಲ್ಲಿ ಕೆಲಸವಿಲ್ಲದ ಎತ್ತರದ ಆಳು ಒಬ್ಬನೇ ಇದ್ದ.

ಚಿಮಣಿ ಎಣ್ಣೆಯ ಡಬ್ಬಿಗಳಿಗೆ ಬೆಳ್ಳಿ ಬಣ್ಣ ಬಳಿದು ನನ್ನ ಮೈಗೆ ಕಟ್ಟಿದರು. ತಲೆಗೂ ಒಂದು ಡಬ್ಬಿ. ಬಣ್ಣ ಇನ್ನೂ ಹಸಿ. ಹುಡುಗಿಯ ಪಾತ್ರದ ಈರಪ್ಪ ನನ್ನ ಹೆಗಲ ಮೇಲೆ. ಈರಪ್ಪ ಹಮಾಲಿ ಮಾಡುವವನು, ಮೂಟೆಯಷ್ಟೇ ತೂಕ. ಸಮುದ್ರ ಎಂದರೆ ಅಕ್ಕನ ನೀಲಿ ಇಳಕಲ್ ಸೀರೆ, ಎರಡು ಕಡೆ ಹಿಡಿದು ಅಲ್ಲಾಡಿಸುವರು. ಮಟಮಟ ಮಧ್ಯಾಹ್ನದ ತಾಲೀಮು. ನೋಡಲು ಮುರಗೋಡದ ಮೇಳದವರೂ ಬಂದಿದ್ದರು. ನಾನು ಗಂಭೀರವಾಗಿ ಹೆಜ್ಜೆಯಿಟ್ಟು ಸಮುದ್ರದ ಸೆರಗನ್ನೇ ತುಳಿದು ಈರಪ್ಪನ ಸಮೇತ ಮುಖ ಅಡಿಯಾಗಿ ಬಿದ್ದೆ. ತಲೆಯ ಡಬ್ಬಿ ಜಜ್ಜಿ ಎಡಗಿವಿಗೆ ಕಚ್ಚಿಕೊಂಡಿತು. ಒಳಗೆ ಕತ್ತಲು, ಬೆಳ್ಳಿ ಬಣ್ಣದ ವಾಸನೆ, ಹೊರಗೆ ಊರಿಗೆ ಊರೇ ನಗುವ ಸದ್ದು.

“ಏಳವಾ ಕಬ್ಬಿಣದವ್ವಾ, ಪದಾ ಇನ್ನೂ ಮುಗದಿಲ್ಲ,” ಎಂದು ಮಾಸ್ತರರ ದನಿ ಕೇಳಿಸಿತು.

ಕೊನೆಗೆ ಅಕ್ಕ ಯಾರದೋ ತಗಡಿನ ಕತ್ತರಿ ತಂದು ಡಬ್ಬಿ ಕತ್ತರಿಸಿ ನನ್ನನ್ನು ಹೊರತೆಗೆದಳು. ಕಿವಿಗೆ ಅರಿಷಿಣ ಒತ್ತುತ್ತ, “ಡಬ್ಬ್ಯಾಗ ಹೊಕ್ಕರಷ್ಟ ಆತೇನೋ, ನಡಸಾಕ ಬರಬೇಕು,” ಎಂದಳು. ಜನ ಎಷ್ಟು ನಕ್ಕಿದ್ದರೆಂದರೆ ಆ ಆಟ ಮತ್ತೆ ಕೂಡಲಿಲ್ಲ, ಮಂಗಳವೂ ಆಗಲಿಲ್ಲ.

ಆದರೆ ಕಲೆಗೆ ನನ್ನ ಕೊಡುಗೆ ನಿಲ್ಲಲಿಲ್ಲ. ಮುರಗೋಡದವರು ಬೀಳುವುದೂ ಆಟದ ಭಾಗವೆಂದೇ ತಿಳಿದು ಹೋದರು. ಮರುವರ್ಷ ಅವರ ದೊಡ್ಡಾಟದಲ್ಲಿ ರಾಕ್ಷಸ ಡಬ್ಬಿ ಕಟ್ಟಿಕೊಂಡು ಗಡಗಡ ಬಂದ, ಬಂದವನೇ ಮುಖ ಅಡಿಯಾಗಿ ಬಿದ್ದ. ಜನ ಕುಣಿದಾಡಿದರು. ಅದನ್ನು ನೋಡಿ ಸವದತ್ತಿ ಕಡೆಯ ಮೇಳಗಳು, ಅವರನ್ನು ನೋಡಿ ರಾಮದುರ್ಗದ ಕಡೆಯವರು. ಎಷ್ಟೋ ವರ್ಷ ಈ ಸೀಮೆಯಲ್ಲಿ ಡಬ್ಬಿಯ ರಾಕ್ಷಸ ಬಂದರೆ ಬಿದ್ದೇ ತೀರಬೇಕು ಎಂಬ ಸಂಪ್ರದಾಯವಿತ್ತು. ಯಾಕೆ ಎಂದು ಕೇಳಿದರೆ, ಮೊದಲಿನಿಂದ ನಡೆದು ಬಂದಿದೆ ಎನ್ನುವರು. ಮೊದಲು ಅಂದರೆ ನಾನು.

ಇದಾದ ಕೆಲವು ದಿನಗಳಿಗೆ ಮಳೆ ಚೆನ್ನಾಗಿ ಬಿತ್ತು. ಬಿಸಿಲು ಬಿದ್ದು ಹೊಲ ಹದಕ್ಕೆ ಬಂತು. ಚನಬಸಪ್ಪ ಎತ್ತು ಹೊಡೆದುಕೊಂಡು ತನ್ನ ಹೊಲಕ್ಕೆ ಹೋದ. ಅಕ್ಕ ಬಾಗಿಲಲ್ಲಿ ನಿಂತು ಅವನು ಹೋಗುವುದನ್ನೇ ನೋಡಿದಳು. ಆಮೇಲೆ ಒಳಗೆ ಬಂದು, “ನಡಿ, ಸೊಸಾಯಿಟಿಗೆ ಹೋಗೂಣು,” ಎಂದಳು.

ಸೊಸಾಯಿಟಿಯ ಗುಮಾಸ್ತ ಕೋಳಿಗಳನ್ನು ಎಬ್ಬಿಸಿ ಯಂತ್ರ ಕೊಟ್ಟ. ನಡೆಸುವವನು ನಾನೇ ಎಂದು ಅವನು ತಿಳಿದ, ದಾರಿಯಲ್ಲಿ ಸಿಕ್ಕವರೂ ಹಾಗೇ ತಿಳಿದರು, ನಿಜ ಹೇಳಬೇಕೆಂದರೆ ನಾನೂ ಹಾಗೇ ತಿಳಿದೆ. ಬದುವಿನ ಮೇಲೆ ನಿಂತು ಯಂತ್ರ ಚಾಲೂ ಮಾಡುವ ಹ್ಯಾಂಡಲ್ ತಿರುಗಿಸಿದೆ, ತಿರುಗಿಸಿದೆ, ಕೈ ಸೋತಿತು. ಯಂತ್ರ ಒಮ್ಮೆ ಕೆಮ್ಮಿ ಸುಮ್ಮನಾಯಿತು.

“ಸರಿ ಅತ್ತಾಗ,” ಎಂದಳು ಅಕ್ಕ. “ಮೊದಲ ಎಣ್ಣಿ ಬರೂ ನಳಾ ತಗೀಬೇಕು. ಎಡಗೈಲೆ ಇದನ್ನ ಒತ್ತಿ ಹಿಡೀಬೇಕು, ಬಲಗೈಲೆ ತಿರುವಬೇಕು. ಜೋರ ಬಂದಮ್ಯಾಲ ಎಡಗೈ ಬಿಡಬೇಕು.”

“ನಿನಗ ಯಾರು ಹೇಳಿದ್ರು ಇದನ್ನೆಲ್ಲಾ?”

“ನೀವೆಲ್ಲಾ ಚಾ ಕುಡ್ಯಾಕ ಹೋದಾಗ ನಾ ಏನ ಕಣ್ಣ ಮುಚ್ಕೊಂಡ ಕುಂತಿದ್ನೇನು? ಆ ಹುಡಗೀನೂ ಹಂಗ ಎರಡ ಹಿಡೀ ಜಗ್ಗತಿದ್ಲು. ಇದಕ್ಕೂ ಎರಡ ಅದಾವು.”

ಅಕ್ಕ ಹೇಳಿದಂತೆಯೇ ತಿರುವಿದಳು, ಯಂತ್ರ ಗುಡುಗಿತು. ಪಕ್ಕದ ಹೊಲದಲ್ಲಿ ಚನಬಸಪ್ಪನ ಎತ್ತುಗಳು ಕಿವಿ ನಿಗುರಿಸಿದವು. ಅಕ್ಕ ಕಚ್ಚೆ ಬಿಗಿದು ಎರಡು ಹಿಡಿ ಹಿಡಿದಳು. ಮೊದಲ ಸುತ್ತಿನಲ್ಲೇ ಯಂತ್ರ ಅವಳನ್ನು ಎಳೆದುಕೊಂಡು ಬದುವಿಗೆ ಗುದ್ದಿತು. ಮೊಣಕಾಲೂರಿ ಬಿದ್ದಳು, ಎದ್ದಳು, ಮತ್ತೆ ಹಿಡಿದಳು. ಅಷ್ಟರಲ್ಲಿ ಊರ ಹಿರಿಯರು ರುದ್ರಗೌಡರು ಓಡಿಬಂದರು.

“ನೀಲವ್ವಾ, ನಿಲ್ಲಸವಾ! ಹೆಣ್ಣಮಕ್ಕಳು ನೇಗಿಲಾ ಮುಟ್ಟಬಾರದು, ಮಳಿ ಹೋಗತೈತಿ!”

ಅಕ್ಕ ಯಂತ್ರ ನಿಲ್ಲಿಸಲಿಲ್ಲ, ಸದ್ದಿನ ಮೇಲೆ ಕೂಗಿ ಹೇಳಿದಳು: “ನೇಗಿಲಾ ಎಲ್ಲೈತ್ರಿ ಕಾಕಾ? ಎತ್ತಿಲ್ಲ, ನೊಗಾ ಇಲ್ಲ, ಮಿಣಿ ಇಲ್ಲ. ನಾ ಏನ ಮುಟ್ಟೇನಿ ತೋರಸ್ರಿ.”

ಗೌಡರು ಯಂತ್ರವನ್ನು ಸುತ್ತಿ ನೋಡಿದರು. ನೊಗ ಇರಲಿಲ್ಲ. ಅವರು ನನ್ನ ಕಡೆ ನೋಡಿದರು. ಕಿವಿಗೆ ಬಟ್ಟೆ ಕಟ್ಟಿಕೊಂಡ ನಾನು ಯಂತ್ರದಿಂದ ತೆಗೆದ ಹ್ಯಾಂಡಲ್ ಹಿಡಿದು ನಿಂತಿದ್ದೆ. ನನ್ನಿಂದ ಅವರಿಗೆ ಯಾವ ಸಹಾಯವೂ ಆಗಲಿಲ್ಲ. ಚನಬಸಪ್ಪ ಬದುವಿನವರೆಗೆ ಬಂದು ನಿಂತು ನೋಡಿ, ತಿರುಗಿ ಹೋಗಿ ತನ್ನ ಎತ್ತು ಹೊಡೆದ.

ಹೊತ್ತು ಇಳಿಯುವಾಗ ಹೊಲ ಪೂರಾ ಹರಗಿ ಮುಗಿದಿತ್ತು. ಅಷ್ಟೊತ್ತಿಗೆ ಅರ್ಧ ಊರೇ ಬದುವಿನ ಮೇಲಿತ್ತು. ಅಕ್ಕ ಕೂದಲವರೆಗೆ ಎರೆಮಣ್ಣು ಮೆತ್ತಿಕೊಂಡು ಯಂತ್ರ ನಡೆಸುತ್ತ ಬದುವಿಗೆ ಬಂದಳು. ಗುಂಪಿನಿಂದ ಬಸಪ್ಪ ಮಾಸ್ತರರು ಮುಂದೆ ಬಂದರು. ಕಿಸೆಯಿಂದ ಕರ್ಪೂರ ತೆಗೆದು ಯಂತ್ರದ ಮುಂದೆ ಮಣ್ಣಿನ ಹೆಂಟೆಯ ಮೇಲಿಟ್ಟು ಹಚ್ಚಿದರು. ಕಣ್ಣು ಮುಚ್ಚಿ ಮಂಗಳಾರತಿ ಪದ ಹಾಡಿದರು, ಮೊದಲಿನಿಂದ ಕೊನೆಯವರೆಗೆ, ಒಂದು ನುಡಿಯನ್ನೂ ಬಿಡದೆ. ಮುಗಿಸಿ, “ಮನಿಗೆ ನಡಿಯವಾ, ಭಾಳ ದಣದೀದಿ,” ಎಂದರು. ನಾನು ಅತ್ತೆ. ಕಿವಿ ನೋಯುತ್ತಿತ್ತು ಎಂದು ಆಗ ಹೇಳಿದ್ದೆ, ಯಾರೂ ನಂಬಲಿಲ್ಲ.

ಮರುದಿನ ಮಾಸ್ತರರ ಎತ್ತುಗಳೇ ಬಿತ್ತನೆಗೆ ಬಂದವು. ಆ ವರ್ಷ ಜೋಳದಲ್ಲಿ ನಾನು ನಿಂತರೆ ಕಾಣುತ್ತಿರಲಿಲ್ಲ. ಮಳೆಯೂ ಎಲ್ಲಿಗೂ ಹೋಗಲಿಲ್ಲ. ಪಾಲಿನ ಮಾತನ್ನು ಚನಬಸಪ್ಪ ಮತ್ತೆ ಎತ್ತಲಿಲ್ಲ. ಅಕ್ಕನಿಗೆ ಈಗ ಎಂಬತ್ತು ದಾಟಿದೆ, ಹೊಲ ಅವಳದೇ.

ಇದಿಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಕೇಳುತ್ತ ಕೇಳುತ್ತ ಅವಳು ಫೋನಿನಲ್ಲಿ ಏನೋ ಹುಡುಕುತ್ತಿದ್ದಳು. ಆಮೇಲೆ ಚೀರಿದಳು. “ಅಜ್ಜಾ, ಸಿಕ್ತು! ಏಡಿ, ದ್ವೀಪ, ತೆಲಿಯೊಳಗ ಹುಡಗಿ, ಇದ ಅಲ್ಲೇನು? ಜಪಾನದಾಗ ಇದನ್ನ ಎಲ್ಲಾರೂ ಮರತಬಿಟ್ಟಾರ, ಯಾರೋ ಹಳೀ ರೀಲ ಹುಡುಕಿ ಹಾಕ್ಯಾರ. ಎಲ್ಲಾ ಭಾಗ ಅದಾವು. ಕಡೀದೂ ಐತಿ!”

ಪುಟ್ಟ ಗಾಜಿನಲ್ಲಿ ಕಬ್ಬಿಣದವ್ವ ನಿಂತಿದ್ದಳು. ಮೊದಲು ಅಕ್ಕನಿಗೆ ಹೇಳಬೇಕೆನ್ನಿಸಿ ನೇಸರಗಿಗೆ ಫೋನ್ ಮಾಡಿದೆ.

“ಅಕ್ಕಾ, ಕಬ್ಬಿಣದವ್ವನ ಕಡೀ ಭಾಗ ಸಿಕ್ಕೈತಿ. ತಗೊಂಡು ಬರಲೇನು? ನೋಡತೀಯೇನು?”

ಆ ಕಡೆ ಅಕ್ಕ ನಕ್ಕಳು.

“ಹುಚ್ಚಾ, ಮಂಗಳಾರತಿ ಆದಮ್ಯಾಲ ಯಾರರೆ ಆಟಾ ನೋಡತಾರೇನೋ? ನೀ ನೋಡು. ನಿನಗಿನ್ನೂ ಆಗಿಲ್ಲ.”

ನಿಜವೇ, ನನಗಿನ್ನೂ ಆಗಿಲ್ಲ. ಕೊನೆಯದು ಬೇಡ, ಮೊದಲನೆಯ ಭಾಗದಿಂದ ಹಾಕು ಎಂದು ಮೊಮ್ಮಗಳಿಗೆ ಹೇಳಿದೆ. ಹಿತ್ತಲಿನ ಕಟ್ಟೆಯ ಮೇಲೆ ಇಬ್ಬರೂ ಕುಳಿತೆವು. ಏಡಿ ಎದ್ದಿತು, ಕಬ್ಬಿಣದವ್ವ ಹೆಜ್ಜೆಯಿಟ್ಟಳು, ಕೊಂಡಿಯಲ್ಲಿ ಸಿಕ್ಕಿಕೊಂಡಳು. ಅಷ್ಟರಲ್ಲಿ ಚಿತ್ರ ನಿಂತು ಒಂದು ಜಾಹೀರಾತು ಬಂತು. ಯಾರೋ ಒಬ್ಬಳು ನೀರೆತ್ತುವ ಪಂಪಿನ ಬಗ್ಗೆ ಹೇಳತೊಡಗಿದಳು. ಚಹಾ ಕುಡಿದು ಬರಲೆಂದು ನನ್ನ ಕಾಲುಗಳು ತಾವಾಗಿಯೇ ಚಪ್ಪಲಿ ಹುಡುಕಿದವು. ಮೊಮ್ಮಗಳು ಜಾಹೀರಾತು ದಾಟಿಸಲು ಬೆರಳು ಚಾಚಿದಳು.

“ಇರಲಿ ಬಿಡವಾ,” ಎಂದು ಅವಳ ಕೈ ಹಿಡಿದೆ. “ಇದನ್ನೂ ನೋಡೂಣು.”